‘ಚಿಕವೀರರಾಜೇಂದ್ರ’: ನಿಧಾನಗತಿಯ ಗುಣದೋಷಗಳು

ಮಾಸ್ತಿ ವೆಂಕಟೇಶ ಅಯ್ಯಂಗಾರರ ‘ಚಿಕವೀರರಾಜೇಂದ್ರ’ ಪ್ರಕಟವಾದುದು 1956ರಲ್ಲಿ. 1834ರಲ್ಲಿ ಕೊಡಗು ತನ್ನ ಅರಸುತನವನ್ನು ಕಳೆದುಕೊಂಡು ಕಂಪೆನಿಯ ವಶವಾದುದೇ ಇದರ ವಸ್ತು. ಕಥೆಯ ಕೊನೆಯನ್ನು ವಾಚಕನು ಮೊದಲೇ ಬಲ್ಲನು. ಹೀಗಿರಲು, ಇಷ್ಟು ಕರಾಳವಾದ ವೃತ್ತಾಂತವನ್ನು ಇಷ್ಟು ನಿಧಾನವಾಗಿ ಹೇಳಿರುವುದು ಉಚಿತವೇ? ಬಹುಮಟ್ಟಿಗೆ ಉಚಿತವೆಂದೂ, ಒಂದು ಮುಖ್ಯಾಂಶದಲ್ಲಿ ಮಾತ್ರ ಅಲ್ಲವೆಂದೂ ನಮಗೆ ತೋರುತ್ತದೆ.

ಅರಸನು ದುಷ್ಟನಾದುದರಿಂದ ರಾಜ್ಯವು ಹೋಯಿತೆಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದಾದ ಇತಿಹಾಸವನ್ನು ಕಾದಂಬರಿಕಾರರು ಹಾಗೆ ಮುಗಿಸಿಲ್ಲ. ಮಂತ್ರಿಗಳಾದ ಲಕ್ಷ್ಮೀನಾರಾಯಣಯ್ಯ, ಬೋಪಣ್ಣ ಇಬ್ಬರೂ ಯೋಗ್ಯರು. ರಾಣಿ ಗೌರಮ್ಮನು ಸಹನೆಯೇ ಮೂರ್ತಿವೆತ್ತವಳು. ಅರಸನೂ ಕುಂಟ ಬಸವನೂ ಕೂಡಿ ನಡೆಸುವ ಅನಾಚಾರಗಳನ್ನು ಇವರೆಲ್ಲರೂ ಬಲ್ಲರು. ಇಂದಲ್ಲ ನಾಳೆ ತಿದ್ದಿಕೊಂಡಾನೆಂದು ಕಾಯುತ್ತಾರೆ. ಅವರೊಡನೆ ವಾಚಕನೂ ಕಾಯಬೇಕಾಗುತ್ತದೆ. ತಂಗಿ ದೇವಮ್ಮಾಜಿಯ ಕೂಸು ಅರಸನ ಕ್ರೌರ್ಯಕ್ಕೆ ಬಲಿಯಾಗುವ ವೇಳೆಗೆ, ಸಜ್ಜನರ ಈ ತಾಳ್ಮೆಯೂ ಕೇಡಿಗೆ ಎಡೆಗೊಟ್ಟಿತಲ್ಲವೇ ಎಂಬ ಶಂಕೆ ನಮ್ಮನ್ನು ಕಾಡತೊಡಗುತ್ತದೆ. ಬೋಪಣ್ಣನು ಕೊನೆಗೆ ಇಂಗ್ಲಿಷರಿಗೆ ದಾರಿಗೊಟ್ಟುದು ಸ್ವಾಮಿದ್ರೋಹವೋ ಪ್ರಜಾಧರ್ಮವೋ ಎಂದು ಥಟ್ಟನೆ ತೀರ್ಪು ಹೇಳಲಾಗದು. ಕಥೆಯು ಬಿರುಸಾಗಿ ಓಡಿದ್ದರೆ ಅವನು ಬರಿಯ ದ್ರೋಹಿಯಾಗಿಯೋ ಬರಿಯ ವೀರನಾಗಿಯೋ ಉಳಿಯುತ್ತಿದ್ದನು. ಇದು ನಿಧಾನದ ಗುಣ.

ಆದರೆ ಅರಸನ ಪಾತ್ರಕ್ಕೆ ಈ ನಿಧಾನದಿಂದ ಪ್ರಯೋಜನವಾಗಿಲ್ಲ. ಕಥೆ ಆರಂಭವಾಗುವಾಗಲೇ ಅವನು ಕೆಟ್ಟು ಮುಗಿದಿದ್ದಾನೆ. ಕೆಟ್ಟುದರ ಕಾರಣಗಳನ್ನು ನಿರೂಪಕನು ತಿಳಿಸುತ್ತಾನೆ. ಕೆಡುತ್ತಿರುವ ಮನಸ್ಸನ್ನು ನಾವು ಕಣ್ಣಾರೆ ಕಾಣುವುದಿಲ್ಲ. ಕತ್ತಲೆಯು ಅವನ ಸುತ್ತ ದಟ್ಟವಾಗುತ್ತ ಹೋಗುತ್ತದೆಯೇ ಹೊರತು ಅವನೊಳಗೆ ಬೆಳೆಯುವುದಿಲ್ಲ. ಆದುದರಿಂದ ಜುಗುಪ್ಸೆ ಉಂಟಾದಷ್ಟು ಕರುಣೆ ಉಂಟಾಗದು. ಮಾಸ್ತಿಯವರ ಸಣ್ಣಕತೆಗಳಿಗೆ ಶೋಭೆ ತಂದ ಸಮಚಿತ್ತದ ಶೈಲಿಯೂ ಇಲ್ಲಿ ಕೆಲವೆಡೆ ತೊಡಕಾಗಿದೆ: ದರ್ಬಾರಿನ ಮಾತುಕತೆಗೂ ಕೊಲೆಗೂ ಒಂದೇ ದನಿಯಾದಾಗ, ಘೋರವಾದುದು ತನ್ನ ತೂಕವನ್ನು ಕಳೆದುಕೊಳ್ಳುತ್ತದೆ.

ರಾಜ್ಯಭ್ರಷ್ಟನಾದ ಅರಸನು ಕಾಶಿಯಲ್ಲಿ ಬಹುಕಾಲವಿದ್ದು, 1852ರಲ್ಲಿ ಇಂಗ್ಲೆಂಡಿಗೆ ತೆರಳಿ, 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡನು. ದುರಂತನಾಯಕನೊಬ್ಬನಿಗೆ ಸಾಲುವ ಬಾಳು ಇದು. ಆದರೂ ಪುಸ್ತಕವನ್ನು ಮುಚ್ಚಿದ ಮೇಲೆ ನಮ್ಮ ಮನಸ್ಸಿನಲ್ಲಿ ನಿಲ್ಲುವವರು ಗೌರಮ್ಮ ಮತ್ತು ಬೋಪಣ್ಣ. ಹೆಸರು ಅರಸನದು, ದುರಂತ ಅವನನ್ನು ತಾಳಿಕೊಂಡವರದು. ಕೃತಿಯ ಹಿರಿಮೆಯೂ ಅದರ ಕೊರತೆಯೂ ಇಲ್ಲಿಯೇ ಇವೆಯೆಂದು ನಮ್ಮ ಅಭಿಪ್ರಾಯ. ಒಳ್ಳೆಯವರು ಎಷ್ಟು ಕಾಲ ತಾಳಬೇಕು ಎಂಬ ಪ್ರಶ್ನೆಯನ್ನು ಇಷ್ಟು ಗಂಭೀರವಾಗಿ ಎತ್ತಿದ ಈ ಕಾದಂಬರಿಯನ್ನು, ಅದರ ನಿಧಾನಕ್ಕೆ ಬೇಸರಪಡದೆ, ಪೂರ್ತಿಯಾಗಿ ಓದಬೇಕು.