‘ತುಳಸಿದಳ’: ಮಾಟದ ಕಥೆಯಲ್ಲಿ ಅಪರಾಧಿ ಯಾರು?

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಣ ನಮ್ಮ ನೆಲವನ್ನು ಹಳಗನ್ನಡದ ಶಾಸನಗಳು ಎಡೆದೊರೆ ಎಂದು ಕರೆದವು. ನಮ್ಮ ತೆಲುಗು ನೆರೆಯವರು ಇದನ್ನೇ ನಡಿಗಡ್ಡ ಎನ್ನುತ್ತಾರೆ. ಎರಡು ಹೆಸರಿನ ಈ ನೆಲದಲ್ಲಿ ಹುಟ್ಟಿದ ಓದುಗನ ಕಪಾಟಿನಲ್ಲಿಯೂ ಎರಡು ಭಾಷೆಗಳಿರುತ್ತವೆ. ಸಂಸ್ಥಾನದ ಕಾಲದಲ್ಲಿ ಕವಿ ಪಂಡಿತರಿಗೆ ಆಶ್ರಯ ಕೊಟ್ಟು ‘ವಿದ್ವದ್ಗದ್ವಾಲ’ ಎನಿಸಿಕೊಂಡ ಊರಿನ ಸಮ್ಮೇಳನಕ್ಕೆ ಲೇಖನ ಕೇಳಿದಾಗ, ವಚನಗಳನ್ನೋ ದಾಸರ ಪದಗಳನ್ನೋ ಕುರಿತು ಬರೆಯುವೆನೆಂದು ಸಂಘದ ಮಿತ್ರರು ಎಣಿಸಿದ್ದಿರಬೇಕು. ನಾನು ಆರಿಸಿಕೊಂಡದ್ದು ವಿಮರ್ಶಕರು ಹೆಸರೆತ್ತಲು ಹಿಂಜರಿಯುವ ಒಂದು ಕಾದಂಬರಿಯನ್ನು. ಸಭೆಯಲ್ಲಿ ಐವತ್ತು ದಾಟಿದವರಲ್ಲಿ ಹಲವರು ಅದನ್ನು ಪಠ್ಯಪುಸ್ತಕದ ಮರೆಯಲ್ಲಿಟ್ಟುಕೊಂಡು ಓದಿದವರೇ ಎಂದು ನನ್ನ ಗುಮಾನಿ.

ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ 1980ರ ದಶಕದ ಆರಂಭದಲ್ಲಿ ತೆಲುಗಿನ ‘ಆಂಧ್ರಭೂಮಿ’ ವಾರಪತ್ರಿಕೆಯ ಮೂಲಕ ಮನೆಮಾತಾಯಿತು. ಬೇಗನೆ ಕನ್ನಡಕ್ಕೂ ಬಂದು, ಮೂಲ ಕನ್ನಡ ಕೃತಿಯೋ ಎಂಬಷ್ಟು ಮಟ್ಟಿಗೆ ನಮ್ಮ ಓದುಗರನ್ನು ಆವರಿಸಿತು. 1985ರಲ್ಲಿ ವೇಮಗಲ್ ಜಗನ್ನಾಥರಾವ್ ಅವರು ಕನ್ನಡದಲ್ಲಿ ಅದನ್ನು ಚಲನಚಿತ್ರವನ್ನಾಗಿಸಿದರು. ಕಾಲವನ್ನು ಗಮನಿಸಬೇಕು. 1976ರಲ್ಲಷ್ಟೇ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳ ಪರಿಶೀಲನೆಗೆಂದು ಸಮಿತಿ ರಚಿಸಿದ್ದರು. ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಎಂಬ ಅವರ ಮಾತಿಗೆ ತಲೆದೂಗಿದ ಮನೆಗಳಲ್ಲಿಯೇ ಕೆಲವು ವರ್ಷಗಳ ತರುವಾಯ ‘ಕಾಷ್ಮೋರಾ’ ಎಂಬ ಕ್ಷುದ್ರಶಕ್ತಿಯ ಹೆಸರು ಕೇಳಿ ಮಕ್ಕಳು ರಾತ್ರಿ ಒಂಟಿಯಾಗಿ ಅಂಗಳಕ್ಕಿಳಿಯಲು ಅಂಜಿದರು.

ಕಥೆಯ ಹಂದರ ಸರಳವಾದದ್ದು. ಶ್ರೀಧರ ಮತ್ತು ಶಾರದೆಯರ ಮಗಳು ತುಳಸಿ. ಆ ಮಗುವಿನ ಹೆಸರಿಗೆ ದೊಡ್ಡ ಮೊತ್ತದ ಹಣ ಬರಲಿದೆ. ಮಗು ಇಲ್ಲವಾದರೆ ಅದು ಬೇರೆಯವರ ಪಾಲು. ಹಣದ ಆಸೆಗೆ ಬಿದ್ದವರು ಕಾದ್ರಾ ಎಂಬ ದೂರದ ಮಾಂತ್ರಿಕನಿಂದ ಮಗುವಿನ ಮೇಲೆ ಪ್ರಯೋಗ ಮಾಡಿಸುತ್ತಾರೆ. ಇಂಗ್ಲಿಷಿನಲ್ಲಿ 1971ರಲ್ಲಿ ಬಂದ ವಿಲಿಯಂ ಪೀಟರ್ ಬ್ಲಾಟಿಯ ‘ದಿ ಎಕ್ಸಾರ್ಸಿಸ್ಟ್’ ಕಾದಂಬರಿಯನ್ನು ಇದರೊಂದಿಗೆ ಹೋಲಿಸುವುದು ವಾಡಿಕೆ. ಅಲ್ಲಿಯೂ ಕಾಡಿಸಿಕೊಳ್ಳುವುದು ಒಂದು ಹೆಣ್ಣುಮಗು, ಅಲ್ಲಿಯೂ ವೈದ್ಯರು ಕೈಚೆಲ್ಲುತ್ತಾರೆ. ಆದರೆ ಅಲ್ಲಿ ಮಗುವನ್ನು ಹಿಡಿದದ್ದು ಪಿಶಾಚಿಯೇ. ಯಾರೋ ಕೂಲಿ ಕೊಟ್ಟು ಕಳುಹಿಸಿದ್ದಲ್ಲ. ಯಂಡಮೂರಿಯವರು ಅತಿಮಾನುಷದ ಹಿಂದೆ ಉಯಿಲನ್ನೂ ಹಣದ ಲೆಕ್ಕವನ್ನೂ ಇಟ್ಟರು. ಹಾಗಾಗಿ ದೆವ್ವದ ಕಥೆ ಅಪರಾಧದ ಕಥೆಯಾಯಿತು. ಇದು ನಮ್ಮ ಹಳ್ಳಿಗಳ ಅನುಭವಕ್ಕೂ ಹತ್ತಿರವಾದದ್ದು. ನಮ್ಮಲ್ಲಿ ದೆವ್ವ ತಾನಾಗಿ ಬರುವುದು ಕಡಿಮೆ. ಸಾಮಾನ್ಯವಾಗಿ ಯಾರೋ ‘ಮಾಡಿಸಿರುತ್ತಾರೆ’.

ಕಥನಕೌಶಲದ ಮಟ್ಟಿಗೆ ಈ ಕೃತಿಗೆ ಸಲ್ಲಬೇಕಾದ ಮೆಚ್ಚುಗೆಯನ್ನು ಜಿಪುಣತನವಿಲ್ಲದೆ ಸಲ್ಲಿಸಬೇಕು. ದಿನಗಳು ಒಂದೊಂದಾಗಿ ಕಳೆಯುತ್ತಿರುವಂತೆ ಮಗುವಿನ ಉಸಿರು ಕ್ಷೀಣಿಸುವ ಲೆಕ್ಕ ಓದುಗನ ಎದೆಯಲ್ಲಿಯೇ ನಡೆಯುತ್ತದೆ. ಒಬ್ಬರು ಔಷಧವನ್ನು ನಂಬಿ, ಇನ್ನೊಬ್ಬರು ಸಂಮೋಹನವನ್ನು ನಂಬಿ, ಮತ್ತೊಂದು ಕಡೆಯವರು ಮಂತ್ರಕ್ಕೆ ಮಂತ್ರವನ್ನೇ ಎದುರು ಮಾಡಿ ಮಗುವನ್ನು ಉಳಿಸಲು ಹೆಣಗುತ್ತಾರೆ. ಈ ಪ್ರಯತ್ನಗಳೆಲ್ಲ ಏಕಕಾಲಕ್ಕೆ ಕೊನೆ ಮುಟ್ಟುವುದರಿಂದ ಯಾವುದು ಮಗುವನ್ನು ಉಳಿಸಿತೆಂಬುದು ಓದುಗನ ತೀರ್ಮಾನಕ್ಕೇ ಉಳಿಯುತ್ತದೆ. ನಂಬುವವನಿಗೂ ನಂಬದವನಿಗೂ ಪುಸ್ತಕ ಮುಚ್ಚುವಾಗ ತಾನೇ ಗೆದ್ದೆನೆಂಬ ಸಮಾಧಾನ. (ತುಳಸಿ ಬದುಕುತ್ತಾಳೆಂದು ಹೇಳಿಬಿಟ್ಟೆನಲ್ಲ ಎಂದು ಕಿರಿಯ ಓದುಗರು ಮುನಿಯಬಾರದು; ‘ತುಳಸಿ’ ಎಂಬ ಎರಡನೆಯ ಕಾದಂಬರಿಯೇ ಆ ಗುಟ್ಟನ್ನು ಎಂದೋ ಬಿಟ್ಟುಕೊಟ್ಟಿದೆ.)

ನನ್ನ ತಕರಾರು ಇಲ್ಲಿಂದ ಮೊದಲಾಗುತ್ತದೆ. ಕಾದಂಬರಿಕಾರರು ಸಂಶಯಕ್ಕೆ ಎಡೆಗೊಟ್ಟದ್ದು ಮಗು ಹೇಗೆ ಉಳಿಯಿತು ಎಂಬುದರಲ್ಲಿ. ಯಾರು ಮಾಡಿದರು ಎಂಬುದರಲ್ಲಿ ಅಲ್ಲ. ಕಾದ್ರಾ ಕುಳಿತು ಪ್ರಯೋಗ ನಡೆಸುವುದನ್ನು ನಾವು ಪುಟದ ಮೇಲೆ ಕಣ್ಣಾರೆ ಕಾಣುತ್ತೇವೆ. ಅಲ್ಲಿ ಅವನ ಕ್ರಿಯೆ, ಇಲ್ಲಿ ಮಗುವಿನ ಚೀತ್ಕಾರ. ನಡುವೆ ಒಂದು ಅಧ್ಯಾಯದ ಅಂತರ ಮಾತ್ರ. ಪತ್ತೇದಾರಿ ಕಾದಂಬರಿಯಲ್ಲಿ ಸಾಕ್ಷ್ಯ ಮಾಡಬೇಕಾದ ಕೆಲಸವನ್ನು ಇಲ್ಲಿ ಭಯವೇ ಮಾಡಿ ಮುಗಿಸುತ್ತದೆ. ಅಧ್ಯಾಯಗಳ ಈ ಜೋಡಣೆ ಊರಿನ ಬದುಕಿನಲ್ಲಿ ಯಾರಿಗೂ ಲಭ್ಯವಿಲ್ಲ. ಅಲ್ಲಿರುವುದು ಜ್ವರ ಬಂದ ಮಗು, ಮತ್ತು ನೆರೆಯವರ ಊಹೆ.

ಕಾದಂಬರಿಯ ಭಾಷೆಯಲ್ಲಿ ಇದು ‘ಮಾಟ’, ತೆಲುಗಿನಲ್ಲಿ ‘ಚೇತಬಡಿ’. ಹೈದರಾಬಾದ್ ಸಂಸ್ಥಾನದ ನೆಲವಾಗಿದ್ದ ಕಲಬುರ್ಗಿ, ಬೀದರ್, ರಾಯಚೂರು, ಮೆದಕ್, ಪಾಲಮೂರುಗಳಲ್ಲಿ ಇದಕ್ಕೆ ಇನ್ನೊಂದು ಹೆಸರಿದೆ, ಭಾನಾಮತಿ. ಬೆಂಗಳೂರಿನ ಓದುಗನಿಗೆ ಆ ಪದ ಕುತೂಹಲ ಹುಟ್ಟಿಸಿದರೆ ನಮ್ಮವರಿಗೆ ಹೊಟ್ಟೆಯಲ್ಲಿ ನಡುಕ ಹುಟ್ಟಿಸುತ್ತದೆ. ಭಾನಾಮತಿ ಮಾಡಿದರೆಂಬ ಅನುಮಾನದ ಮೇಲೆ ಮನುಷ್ಯರನ್ನು ಮರಕ್ಕೆ ಕಟ್ಟಿ ಹೊಡೆದ, ಮಂತ್ರ ಉಚ್ಚರಿಸದಿರಲೆಂದು ಹಲ್ಲು ಕಿತ್ತ, ಬೆಂಕಿ ಹಚ್ಚಿದ ಸುದ್ದಿಗಳನ್ನು ಈ ಸೀಮೆಯ ಪತ್ರಿಕೆಗಳಲ್ಲಿ ನಾವೆಲ್ಲ ಓದಿದ್ದೇವೆ. ಕರ್ನಾಟಕದಲ್ಲಿ 2017ರಲ್ಲಿ ಅಂಗೀಕಾರವಾದ ವಾಮಾಚಾರ ತಡೆ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂದಿತು. ಕಾನೂನಿನ ಮಾತು ಇರಲಿ. ನಾನು ಹೇಳಹೊರಟದ್ದು ಕಥೆಯ ಮಾತು.

ಎಂಬತ್ತರ ದಶಕದ ನಡುಭಾಗದಲ್ಲಿ ರಾಯಚೂರಿನಿಂದ ಬಾಡಿಗೆಗೆ ತಂದ ‘ತುಳಸಿದಳ’ವನ್ನು ರಾತ್ರಿ ಊಟವಾದ ಮೇಲೆ ನಮ್ಮ ಮನೆಯ ಪಡಸಾಲೆಯಲ್ಲಿ ನಾನು ಗಟ್ಟಿಯಾಗಿ ಓದುತ್ತಿದ್ದೆ. ಅಜ್ಜಿ, ಅವ್ವ, ಓಣಿಯ ನಾಲ್ಕಾರು ಹೆಂಗಸರು ಕೇಳುತ್ತಿದ್ದರು. ಕೊನೆಯ ಮನೆಯ ವಿಧವೆಯೊಬ್ಬರು ಬಾಗಿಲ ಬಳಿಯೇ ಕೂರುತ್ತಿದ್ದರು. ನಾವು ಮಕ್ಕಳು ಅವರನ್ನು ದೊಡ್ಡವ್ವ ಎನ್ನುತ್ತಿದ್ದೆವು. ಅರ್ಧ ಪುಸ್ತಕವಾಗುವ ಹೊತ್ತಿಗೆ ಅವರು ಬರುವುದು ನಿಂತಿತು. ಎದುರು ಮನೆಯ ಕೂಸಿಗೆ ಜ್ವರ ಏರಿ ಮೈ ಸೆಟೆದಿತ್ತು. ಯಾರೂ ಏನನ್ನೂ ಬಾಯಿಬಿಟ್ಟು ಹೇಳಲಿಲ್ಲ. ನೀರಿನ ಬಾವಿಯ ಬಳಿ ದೊಡ್ಡವ್ವ ಬಂದರೆ ಉಳಿದವರು ಕೊಡ ಎತ್ತಿಕೊಂಡು ಸರಿಯುತ್ತಿದ್ದರು, ಅಷ್ಟೆ. ಪುಸ್ತಕದಿಂದಲೇ ಹೀಗಾಯಿತೆಂದು ನಾನು ಹೇಳಲಾರೆ. ಆ ಗುಮಾನಿ ಪುಸ್ತಕಕ್ಕಿಂತ ಎಷ್ಟೋ ಹಳೆಯದು. ಆದರೆ ಆ ದಿನಗಳಲ್ಲಿ ಅದಕ್ಕೊಂದು ಭಾಷೆಯನ್ನು ದಿನವೂ ಒದಗಿಸುತ್ತಿದ್ದವನು ನಾನು.

ಈಗ ಕಾದ್ರಾನ ಪಕ್ಕದಲ್ಲಿ ಆ ದೊಡ್ಡವ್ವನನ್ನು ನಿಲ್ಲಿಸಿ ನೋಡಬೇಕು. ಕಾದಂಬರಿಯ ಮಾಂತ್ರಿಕ ಗಂಡಸು, ಬಲಶಾಲಿ, ದೂರದವನು, ತನ್ನ ವಿದ್ಯೆಗೆ ಬೆಲೆ ಕಟ್ಟಿಕೊಂಡವನು. ಊರು ಬೆರಳು ಮಾಡುವ ‘ಮಾಂತ್ರಿಕ’ರಲ್ಲಿ ಬಹಳ ಮಂದಿ ನೆರೆಯವರು, ಬಡವರು, ಹಿಂದೆಮುಂದೆ ಇಲ್ಲದವರು, ಹಲವು ಸಲ ಒಂಟಿ ಹೆಂಗಸರು. ಮಾಟ ಮಾಡಿಸಿ ಹಣ ಹೊಡೆಯುವವರು ಕಾದಂಬರಿಯಲ್ಲಿದ್ದಾರೆ. ಮಾಟದ ಆರೋಪ ಹೊರಿಸಿ ಹೊಲವನ್ನೋ ಮನೆಯನ್ನೋ ನುಂಗುವವರು ಇಲ್ಲ. ಯಂಡಮೂರಿಯವರ ದೃಷ್ಟಿ ಹಣದಾಸೆಯನ್ನು ಸರಿಯಾಗಿ ಗುರುತಿಸಿತು, ಆದರೆ ಆ ಆಸೆ ನಮ್ಮಲ್ಲಿ ಹೆಚ್ಚಾಗಿ ಯಾವ ಕಡೆಯಿಂದ ಬರುತ್ತದೆಂಬುದನ್ನು ನೋಡಲಿಲ್ಲ. ರೋಚಕತೆ ಕಾದಂಬರಿಯ ದೋಷವೆಂದು ನನಗೆ ಅನಿಸುವುದಿಲ್ಲ. ನಿಜವಾದ ಅಪರಾಧ ಕಣ್ಣೆದುರಿಗಿದ್ದೂ ಅದರ ಕೈಗೆ ಸಿಗದೆ ಹೋಯಿತೆಂಬುದೇ ನನ್ನ ಆಕ್ಷೇಪ.

ಜನಪ್ರಿಯ ಕಾದಂಬರಿಯಿಂದ ಇಷ್ಟನ್ನು ಬಯಸುವುದು ಅತಿಯಾಯಿತೆಂದು ಕೆಲವರು ಹೇಳಬಹುದು. ಹಾಗಾದರೆ ಸಾವಿರ ವರ್ಷ ಹಿಂದಿನ ‘ವಡ್ಡಾರಾಧನೆ’ಯನ್ನು ತೆರೆಯಿರಿ. ಅದರಲ್ಲಿರುವ ವಿದ್ಯುಚ್ಚೋರನ ಕಥೆ ಅಪ್ಪಟ ಅಪರಾಧ ಕಥೆ, ಮಾಯೆಯೂ ಇದೆ. ಹಗಲು ಕುಷ್ಠರೋಗಿಯಾಗಿ ಬಿದ್ದಿರುವವನು ಇರುಳು ವಿದ್ಯಾಬಲದಿಂದ ರೂಪ ಬದಲಿಸಿ ಅರಮನೆಯ ಹಾರವನ್ನೇ ಕದಿಯುತ್ತಾನೆ. ಹುಡುಕಿ ತರಲು ತಳಾರ ಯಮದಂಡನಿಗೆ ಏಳು ದಿನಗಳ ಗಡುವು. ಕಳ್ಳನನ್ನು ಹಿಡಿದು ತಂದರೂ ರಾಜನಿಗೆ ಕಾಣುವುದು ಒಬ್ಬ ನಿಸ್ಸಹಾಯಕ ರೋಗಿ. ಬಗೆಬಗೆಯ ದಂಡನೆಗೂ ಅವನು ಬಾಯಿಬಿಡುವುದಿಲ್ಲ. ನಿಜ ಹೊರಬೀಳುವುದು ಅವನು ತಾನಾಗಿ ಹೇಳಿದಾಗ. ಕಥೆಯೊಳಗೆ ಮಾಯೆ ನಿಜವೇ ಆಗಿದ್ದರೂ, ಹೊಡೆತದಿಂದ ಹೊರಟ ಮಾತು ಸಾಕ್ಷ್ಯವಲ್ಲ ಎಂಬ ಎಚ್ಚರ ಅಲ್ಲಿ ಎಲ್ಲೂ ಸಡಿಲವಾಗುವುದಿಲ್ಲ. ಹಾಗಾಗಿ ಅತಿಮಾನುಷವನ್ನೂ ಅಪರಾಧವನ್ನೂ ಒಟ್ಟಿಗೆ ಹಿಡಿದು ವಿವೇಕವನ್ನು ಕೈಬಿಡದಿರುವುದು ಕನ್ನಡ ಗದ್ಯಕ್ಕೆ ಹೊಸದೇನಲ್ಲ.

ಪ್ರಣಯದ ವಿಷಯದಲ್ಲಿ ‘ತುಳಸಿದಳ’ಕ್ಕೆ ಹೇಳಿಕೊಳ್ಳುವಂಥ ಸಂಪತ್ತಿಲ್ಲ, ಅಲ್ಲಿ ಮಿಡಿಯುವುದು ತಂದೆತಾಯಿಯರ ಒಲವು. ರಹಸ್ಯವನ್ನೂ ಪ್ರೇಮವನ್ನೂ ಬೆಸೆಯುವಲ್ಲಿ ಯಂಡಮೂರಿಯವರ ಶಕ್ತಿ ಅರಿಯಬೇಕಾದರೆ ‘ವೆನ್ನೆಲಲೋ ಆಡಪಿಲ್ಲ’ವನ್ನು ನೋಡಬೇಕು. 1995ರಲ್ಲಿ ಸುನಿಲ್‌ಕುಮಾರ್ ದೇಸಾಯಿಯವರು ಅದನ್ನು ‘ಬೆಳದಿಂಗಳ ಬಾಲೆ’ಯಾಗಿ ತೆರೆಗೆ ತಂದರು. ದೂರವಾಣಿಯಲ್ಲಿ ಕೇಳುವ ಒಂದು ದನಿ, ಅದರ ಒಡತಿಯನ್ನು ಹುಡುಕುವ ಒಬ್ಬ ಚದುರಂಗದ ಆಟಗಾರ. ಅಲ್ಲಿ ದೆವ್ವವಿಲ್ಲ, ಕೊಲೆಯಿಲ್ಲ; ಆದರೂ ಕೆಳಗಿಡಲಾಗದು. ಕಾಣದ ವ್ಯಕ್ತಿಯ ಬಗೆಗಿನ ಕುತೂಹಲ ಅಲ್ಲಿ ಮಮತೆಯಾಗುತ್ತದೆ. ‘ತುಳಸಿದಳ’ದಲ್ಲಿ ಅದೇ ಕುತೂಹಲ ಹಗೆಯಾಗುತ್ತದೆ. ಎರಡನ್ನೂ ಬರೆದದ್ದು ಒಂದೇ ಕೈ ಎಂಬುದು ನನ್ನ ತಕರಾರನ್ನು ಇನ್ನಷ್ಟು ಗಟ್ಟಿಮಾಡುತ್ತದೆ.

ಈ ಲೇಖನಕ್ಕೆಂದು ‘ತುಳಸಿದಳ’ವನ್ನು ಮತ್ತೆ ಓದಿದೆ. ನಡುರಾತ್ರಿಯವರೆಗೆ ಓದಿಸಿಕೊಂಡಿತು, ಸುಳ್ಳು ಹೇಳಲಾರೆ. ಅಂದು ಎದುರು ಮನೆಯ ಕೂಸಿನ ಜ್ವರ ಆಸ್ಪತ್ರೆಯ ಔಷಧಕ್ಕೆ ಇಳಿಯಿತು. ಹದಿನೈದು ದಿನಗಳಾದ ಮೇಲೆ ದೊಡ್ಡವ್ವ ಮತ್ತೆ ಬಂದು ಬಾಗಿಲ ಬಳಿ ಕುಳಿತರು. ಓದು ಅಷ್ಟರಲ್ಲಿ ಮುಗಿದಿತ್ತು. “ಆ ಹುಡುಗಿ ಉಳೀತೇನಪ್ಪಾ?” ಎಂದು ಕೇಳಿದರು. ಉಳಿಯಿತು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಯಾರು ಮಾಡಿದ್ರು ಅಂತ ಅವರಿಗೆ ಹ್ಯಾಂಗ ಗೊತ್ತಾತು?” ಎಂದರು. ನಾನು ಪುಸ್ತಕ ತೆರೆದು ಆ ಪುಟವನ್ನು ಬಹಳ ಹೊತ್ತು ಹುಡುಕಿದೆ.