ಪೀಠದಲ್ಲಿರುವ ಕಡಲು

ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಮುನ್ನೂರು ವರ್ಷಗಳಿಂದ ಬೈಸಿಕೊಳ್ಳುತ್ತಿರುವ ಸ್ಮಾರಕವೊಂದಿದೆ. ಅಡ್ಮಿರಲ್ ಸರ್ ಕ್ಲೌಡ್ಸ್ಲಿ ಶೊವೆಲ್‌ನದು. ಅಮೃತಶಿಲೆಯ ಮಂಟಪದಡಿ ಅವನು ದಿಂಬಿಗೊರಗಿದ್ದಾನೆ. ಮೈಮೇಲೆ ರೋಮನ್ ಯೋಧನ ಕವಚ, ತಲೆಯ ಮೇಲೆ ಆ ಕಾಲದ ಸಿರಿವಂತರ ಉದ್ದನೆಯ ಗುಂಗುರು ವಿಗ್.

ಇದನ್ನು ಕಂಡು ಕೆರಳಿದವನು ಪ್ರಬಂಧಕಾರ ಜೋಸೆಫ್ ಅಡಿಸನ್. 1711ರಲ್ಲಿ ‘ಸ್ಪೆಕ್ಟೇಟರ್’ ಪತ್ರಿಕೆಯಲ್ಲಿ ಅವನು ಬರೆದದ್ದರ ಸಾರ ಇಷ್ಟು: ಒರಟು, ಧೀರ ನಾವಿಕನನ್ನು ಶೋಕಿವಾಲನನ್ನಾಗಿ ಮಾಡಿಟ್ಟಿದ್ದಾರೆ, ಶಾಸನವಾದರೂ ಅವನ ಸಾಹಸಗಳನ್ನು ಬಿಟ್ಟು ಸಾವಿನ ಸಂಗತಿಯನ್ನಷ್ಟೇ ಹೇಳುತ್ತದೆ.

ಮೊದಲ ಮಾತು ನೂರಕ್ಕೆ ನೂರು ನಿಜ. ನಾರ್ಫೋಕ್‌ನಲ್ಲಿ 1650ರಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಹಡಗು ಹತ್ತಿ, ನೌಕಾಪಡೆಯ ತುತ್ತತುದಿಗೆ ಏರಿದವನಿಗೆ ಆ ದಿಂಬು ಒಪ್ಪುವುದಿಲ್ಲ. ಎರಡನೆಯ ಮಾತನ್ನು ಮಾತ್ರ ನಾನು ಒಪ್ಪಲಾರೆ.

1707ರಲ್ಲಿ ಫ್ರಾನ್ಸಿನ ಟೂಲಾನ್ ಮುತ್ತಿಗೆ ಮುಗಿಸಿ ಶೊವೆಲ್‌ನ ನೌಕಾದಳ ತವರಿಗೆ ಮರಳುತ್ತಿತ್ತು. ಕೆಟ್ಟ ಹವೆ. ನಡುಗಡಲಲ್ಲಿ ತಾವೆಲ್ಲಿದ್ದೇವೆಂದು ಕರಾರುವಾಕ್ಕಾಗಿ ಲೆಕ್ಕ ಹಾಕುವ ವಿದ್ಯೆ ಆಗಿನ್ನೂ ಕೈಗೆಟುಕಿರಲಿಲ್ಲ. ಅಕ್ಟೋಬರ್ 22ರ ರಾತ್ರಿ ಹಡಗುಗಳು ಸಿಲಿ ದ್ವೀಪಗಳ ಬಂಡೆಗಳಿಗೆ ಬಡಿದವು. ಅಸೋಸಿಯೇಷನ್, ಈಗಲ್, ರಾಮ್ನಿ, ಫೈರ್‌ಬ್ರಾಂಡ್ ನಾಲ್ಕೂ ಮುಳುಗಿದವು. ಅಡ್ಮಿರಲ್ ಇದ್ದ ಅಸೋಸಿಯೇಷನ್‌ನಲ್ಲಿ ಒಬ್ಬರೂ ಉಳಿಯಲಿಲ್ಲ. ಒಟ್ಟು ಸತ್ತವರು 1,400ಕ್ಕೂ ಹೆಚ್ಚು. ದಡಕ್ಕೆ ಬಂದ ಶೊವೆಲ್‌ನ ದೇಹವನ್ನು ಮೊದಲು ಪೋರ್ತ್‌ಹೆಲ್ಲಿಕ್ ಎಂಬಲ್ಲಿ ಹೂಳಿದರು. ಅಲ್ಲಿಂದ ತೆಗೆದು ತಂದು ಡಿಸೆಂಬರಿನಲ್ಲಿ ಅಬೆಯಲ್ಲಿ ಮಣ್ಣು ಮಾಡಿದರು. ಆನ್ ರಾಣಿಯ ಅಪ್ಪಣೆಯಂತೆ ಗ್ರಿನ್ಲಿಂಗ್ ಗಿಬ್ಬನ್ಸ್ ಸ್ಮಾರಕ ಕಡೆದ.

ಗಿಬ್ಬನ್ಸ್ ಹೆಸರುವಾಸಿಯಾದದ್ದು ಮರದ ಕೆತ್ತನೆಯಲ್ಲಿ. ಅವನು ಮರದಲ್ಲಿ ಅರಳಿಸಿದ ಹೂ, ಹಣ್ಣು, ಎಲೆಗಳಿಗೆ ಸಾಟಿಯಿಲ್ಲ. ಆಳೆತ್ತರದ ಕಲ್ಲಿನ ಮನುಷ್ಯರು ಅವನಿಗೆ ಅಷ್ಟು ಒಲಿದವರಲ್ಲ. ಇಲ್ಲಿಯ ಅಡ್ಮಿರಲ್ಲೇ ಅದಕ್ಕೆ ಸಾಕ್ಷಿ. ಆದರೆ ಸ್ಮಾರಕದ ಪೀಠದಲ್ಲಿ ಅವನೊಂದು ಉಬ್ಬುಶಿಲ್ಪ ಬಿಡಿಸಿದ್ದಾನೆ: ಬಂಡೆಗೆ ಸಿಕ್ಕಿ ಒಡೆಯುತ್ತಿರುವ ಹಡಗು. ಮೇಲಿರುವುದು ದರಬಾರಿನ ಮರ್ಯಾದೆ, ಕೆಳಗಿರುವುದು ನಡೆದ ಸಂಗತಿ. ಅಡಿಸನ್ ಬಯಸಿದ ಕಡಲಿನ ಒರಟುತನ ಇರುವುದು ಈ ಪಟ್ಟಿಕೆಯಲ್ಲಿ. ಅಡ್ಮಿರಲ್‌ನ ಜೊತೆ ಸತ್ತ ನೂರಾರು ನಾವಿಕರಿಗೂ ಈ ಸ್ಮಾರಕದಲ್ಲಿ ಜಾಗ ಸಿಕ್ಕಿರುವುದು ಆ ಹಡಗಿನೊಳಗೇ. ಸಾವನ್ನು ಮುಚ್ಚಿಟ್ಟು ಬರೀ ಗೆಲುವುಗಳನ್ನು ಪಟ್ಟಿ ಮಾಡಿದ್ದರೆ ಅವರು ಅಲ್ಲೂ ಇರುತ್ತಿರಲಿಲ್ಲ.

ಈ ದುರಂತವಾಗಿ ಏಳು ವರ್ಷಕ್ಕೆ, 1714ರಲ್ಲಿ, ಕಡಲಲ್ಲಿ ರೇಖಾಂಶ ಕಂಡುಹಿಡಿಯುವ ದಾರಿ ತೋರಿದವರಿಗೆ 20,000 ಪೌಂಡುಗಳವರೆಗೆ ಬಹುಮಾನ ಕೊಡುವ ಕಾಯ್ದೆಯನ್ನು ಬ್ರಿಟಿಷ್ ಸಂಸತ್ತು ಮಾಡಿತು. ಅಂಥ ಕಾಯ್ದೆ ಏಕೆ ಬೇಕಾಯಿತೆಂದು ಕೇಳುವವರಿಗೆ ಈ ಪೀಠವನ್ನು ತೋರಿಸಿದರೆ ಸಾಕು.

ಚರ್ಚಿನ ಸ್ಮಾರಕಗಳನ್ನು ನೋಡುವಾಗ ವೀರಗಲ್ಲು ಓದುವಂತೆ ಕೆಳಗಿನಿಂದ ಮೇಲಕ್ಕೆ ಬನ್ನಿ. ಮುಖ ಹೇಗಿರಬೇಕೆಂಬುದರಲ್ಲಿ ಹಣ ಕೊಟ್ಟವರ ಮಾತು ನಡೆಯುತ್ತದೆ. ಪೀಠದಲ್ಲಿ ಶಿಲ್ಪಿಯ ಮಾತೂ ನಡೆಯುತ್ತದೆ.