ಒಂದು ಗಿಡ, ಹಲವು ಹೆಸರು

ಯಲ್ದೂರಿನ ನಮ್ಮ ಓಣಿಯ ತಾಯಿಯೊಬ್ಬರು ಕನ್ನಡ ಪತ್ರಿಕೆಯ ತುಂಡೊಂದನ್ನು ಹಿಡಿದು ಮನೆಗೆ ಬಂದರು. ಆಕೆಗೆ ಓದಲು ಬರುವುದು ಉರ್ದು ಮಾತ್ರ. "ಭಾಯ್, ನನ್ನ ಮಗನ ಬಗ್ಗೆ ಏನು ಬರೆದಿದ್ದಾರೆ, ಸ್ವಲ್ಪ ಓದಿ" ಎಂದರು. ಹುಡುಗನ ಜೇಬಿನಲ್ಲಿ ಸಿಕ್ಕಿದ್ದು ಸೇದಲು ಇಟ್ಟುಕೊಂಡಿದ್ದ ಒಂದು ಪೊಟ್ಟಣ ಗಾಂಜಾ. ತಲೆಬರಹದಲ್ಲಿದ್ದ ಪದ 'ದಂಧೆಕೋರ'. ಅದನ್ನು ಉರ್ದುವಿನಲ್ಲಿ ಹೇಳಲು ನನಗೆ ನಾಲಿಗೆ ಏಳಲಿಲ್ಲ.

ಈ ಗಿಡದ ವಿಷಯದಲ್ಲಿ ಹೆಸರೇ ತೀರ್ಪು. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರ ಜಾತ್ರೆಯಲ್ಲಿ ಅದು ಪ್ರಸಾದವೆಂದು 2020ರಲ್ಲಿ ಪತ್ರಿಕೆಗಳೇ ಬರೆದವು. ಓಣಿಯ ಹುಡುಗನ ಜೇಬಿನಲ್ಲಿದ್ದರೆ ಅದು 'ಮಾಲು'. 1985ರ ಮಾದಕವಸ್ತು ಕಾಯ್ದೆ ಗಿಡದ ಹೂತೆನೆಯನ್ನು ಗಾಂಜಾ ಎಂದು ನಿಷೇಧಿಸಿ, ತೆನೆಯಿಲ್ಲದ ಎಲೆ, ಬೀಜಗಳನ್ನು ಹೊರಗಿಟ್ಟಿತು. ಈ ವ್ಯತ್ಯಾಸವನ್ನು ಹಿಡಿದೇ 2022ರಲ್ಲಿ ಕರ್ನಾಟಕ ಹೈಕೋರ್ಟು ಭಂಗಿಯ ಪ್ರಕರಣವೊಂದರಲ್ಲಿ ಜಾಮೀನು ನೀಡಿತು. ಹೊರಗಿನ ಜಗತ್ತೂ ಒಂದೇ ದಾರಿ ಹಿಡಿದಿಲ್ಲ. ಜರ್ಮನಿ 2024ರಲ್ಲಿ ವಯಸ್ಕರು 25 ಗ್ರಾಂವರೆಗೆ ಜೊತೆಯಲ್ಲಿಟ್ಟುಕೊಳ್ಳಲು ಬಿಟ್ಟಿತು. 2022ರಲ್ಲಿ ಬಾಗಿಲು ತೆರೆದಿದ್ದ ಥಾಯ್ಲೆಂಡ್ 2025ರಲ್ಲಿ ಮತ್ತೆ ವೈದ್ಯರ ಚೀಟಿ ಕೇಳತೊಡಗಿತು.

ನಾನು ಗಾಂಜಾದ ವಕೀಲನಲ್ಲ. ಹರೆಯದವರ ಓದು, ನೆನಪು, ಮನಸ್ಸನ್ನು ಅದು ಕೆಡಿಸುತ್ತದೆ. ಆದರೆ ಸೇದುವವನಿಗೂ ಮಾರುವವನಿಗೂ ಇರುವ ಅಂತರವನ್ನು ಕಾಯ್ದೆಯೇ ಬಲ್ಲದು. ಅದರ ಪ್ರಕಾರ ಒಂದು ಕಿಲೋವರೆಗಿನ ಗಾಂಜಾ ಅಲ್ಪ ಪ್ರಮಾಣ. ವಾಣಿಜ್ಯ ಪ್ರಮಾಣದ ಲೆಕ್ಕ 20 ಕಿಲೋದ್ದು. ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಮುಂದೆ ಬಂದು ಸರಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ರಕ್ಷಣೆ ಉಂಟು ಎನ್ನುತ್ತದೆ 64ಎ ಕಲಮು. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು.

ನಮ್ಮ ಸುದ್ದಿಗಳಲ್ಲಿ ಈ ಕಲಮು ಕಾಣುವುದು ಅಪರೂಪ. ಪತ್ರಿಕೆಯನ್ನಷ್ಟೇ ದೂರುವುದೂ ಸರಿಯಲ್ಲ. ನಮ್ಮ ಜಮಾತಿನ ಹಿರಿಯರೂ 'ಖಾನ್ದಾನಿನ ಹೆಸರು ಕೆಡಿಸಿದ' ಎಂದರೇ ಹೊರತು, 'ಆಸ್ಪತ್ರೆಗೆ ತೋರಿಸಿದಿರಾ?' ಎಂದು ಒಬ್ಬರೂ ಕೇಳಲಿಲ್ಲ. ಊರೆಲ್ಲ ದಂಧೆಕೋರ ಎಂದ ಹುಡುಗನಿಗೆ ಕೆಲಸ ಕೊಡುವವರು ಯಾರು? ಕೊನೆಗೆ ಅವನನ್ನು ಹತ್ತಿರ ಕರೆಯುವವನು ನಿಜವಾದ ದಂಧೆಕೋರನೇ.

ಆ ತಾಯಿಗೆ ಸುದ್ದಿಯನ್ನು ಪೂರ್ತಿ ಓದಿ ಹೇಳಿದೆ. ಮುಚ್ಚಿಡುವುದು ಸರಿ ಎನಿಸಲಿಲ್ಲ. ಆಮೇಲೆ ಅದೇ ತುಂಡಿನ ಅಂಚಿನಲ್ಲಿ 64ಎ ಕಲಮಿನ ಸಾರವನ್ನು ಉರ್ದುವಿನಲ್ಲಿ ಬರೆದುಕೊಟ್ಟೆ. ಹುಡುಗನ ಹೆಸರು, ಓಣಿ, ತಂದೆಯ ಕಸುಬು ಎಲ್ಲಕ್ಕೂ ಜಾಗವಿದ್ದ ಆ ಸುದ್ದಿಯಲ್ಲಿ ಈ ಎರಡು ಸಾಲಿಗೆ ಮಾತ್ರ ಜಾಗವಿರಲಿಲ್ಲ.